ಕಂಕುಳಲ್ಲಿಟ್ಟ ಸೆನ್ಸರ್

ಮಗಳು ಓದಲು ದೂರದ ಲುಂಡ್ ಊರಿಗೆ ಹೋಗುವಾಗ ತನ್ನ ಹಾವನ್ನು ನನಗೆ ಒಪ್ಪಿಸಿದಳು. ಅಲ್ಲಿ ಅವಳಿಗೆ ಸಿಕ್ಕ ಕೋಣೆಯಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಬಾಲ್ ಪೈಥಾನ್ ಜಾತಿಯ ಹೆಣ್ಣು; ವಿಷವಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ನಾನೂ ಹೆಚ್ಚುಕಡಿಮೆ ಅದೇ ಜಾತಿ. ಮಗಳಿಗೆ ಹನ್ನೆರಡು ತುಂಬಿದಾಗ ಮನೆಗೆ ಬಂದ ಹಾವು. ಎಂಟು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಬೆಳೆದವರು.

ಹೊರಡುವ ಮುಂಚೆ ನನಗೆ ಪಾಠವಾಯಿತು. ಗಾಜಿನ ಪೆಟ್ಟಿಗೆಯ ಒಂದು ಬದಿ ಮೂವತ್ತೆರಡು ಡಿಗ್ರಿ ಇರಬೇಕು, ಇನ್ನೊಂದು ಬದಿ ಇಪ್ಪತ್ತಾರು. ಬಿಸಿ ಬದಿಯ ತಳದಲ್ಲಿ ಹೀಟ್ ಮ್ಯಾಟ್, ಅದರ ಮೇಲೊಂದು ಪುಟ್ಟ ಸೆನ್ಸರ್. ಸೆನ್ಸರ್ ಮೂವತ್ತೆರಡು ಅಂದ ಕೂಡಲೇ ಥರ್ಮೋಸ್ಟಾಟ್ ಮ್ಯಾಟನ್ನು ಆರಿಸುತ್ತದೆ.

"ಎಲ್ಲಾ ಸೆಟ್ ಮಾಡಿದೀನಿ ಅಪ್ಪಾ. ನೀನು ಏನೂ ಮುಟ್ಟಬೇಡ."

"ಮುಟ್ಟಲ್ಲ."

"ಮುಟ್ತೀಯ," ಅಂದಳು.

ಜನವರಿಯಲ್ಲಿ, ನಾವು ಬಂದು ನೆಲೆಸಿರುವ ಈ ಚಳಿದೇಶದಲ್ಲಿ, ಹೊರಗೆ ಮೈನಸ್ ಹದಿನಾಲ್ಕಾಯಿತು. ನನಗೆ ಚಳಿಯಾದರೆ ಲೋಕಕ್ಕೆಲ್ಲ ಚಳಿಯಾಗಿದೆ ಅಂತ ನಂಬುವವನು ನಾನು. ಮಗಳು ಚಿಕ್ಕವಳಿದ್ದಾಗ ಮೂರು ಸ್ವೆಟರ್ ತೊಡಿಸಿ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಡುತ್ತಿದ್ದೆ, ಅಲ್ಲಿನ ಟೀಚರು ಎರಡನ್ನು ಬಿಚ್ಚಿ ಮಡಿಸಿಡುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ಪೆಟ್ಟಿಗೆಯೊಳಗೆ ಕೈ ಹಾಕಿ, ಮಕ್ಕಳ ಜ್ವರ ನೋಡುವ ಹಾಗೆ, ಬಿಸಿ ಬದಿಯ ತಳಕ್ಕೆ ಕೈಯ ಹಿಂಬದಿಯನ್ನು ಇಟ್ಟೆ. ತಣ್ಣಗಿತ್ತು. ನನ್ನ ಕೈಯೇ ಮೂವತ್ತೆರಡಕ್ಕಿಂತ ಬಿಸಿಯಿರುತ್ತದೆ ಅಂತ ಹೊಳೆಯಲಿಲ್ಲ. ಸೋಡರ್‌ಟೆಲ್ಯೆ ಊರಿನ ಕಾರ್ಖಾನೆಯಲ್ಲಿ ಟ್ರಕ್ ಎಂಜಿನ್‌ಗಳ ಉಷ್ಣಾಂಶ ಪರೀಕ್ಷಿಸುವುದೇ ಹದಿನೇಳು ವರ್ಷದಿಂದ ನನ್ನ ಕೆಲಸ. ಸೆನ್ಸರ್ ಕೆಟ್ಟಿದೆ ಅಂತ ತೀರ್ಮಾನಿಸಿ, ಅದನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ನಿಂತೆ.

ಆ ಕೋಣೆಯ ಹೊಸ್ತಿಲು ದಾಟದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಏನ್ರೀ ಅದು?"

"ಸರಿಯಾಗಿ ತೋರಿಸತ್ತಾ ಅಂತ ಟೆಸ್ಟ್ ಮಾಡ್ತಿದೀನಿ."

"ಜ್ವರ ಇದ್ರೆ ಹೇಳಿ, ಇಬ್ಬರಿಗೂ ಗಂಜಿ ಮಾಡ್ತೀನಿ."

ಮೂವತ್ತಾರೂವರೆ ತೋರಿಸಿತು. ಸೆನ್ಸರ್ ಸರಿಯಿತ್ತು. ವಾಪಸ್ ಇಡೋಣವೆಂದರೆ, ಅಷ್ಟರಲ್ಲಿ ಹಾವು ಬಿಸಿ ಬದಿಗೆ ಬಂದು ಮಲಗಿತ್ತು. ಎಬ್ಬಿಸುವುದು ಬೇಡವೆಂದು ಸೆನ್ಸರ್ ತಂತಿಯನ್ನು ಈಚೆಯ ಇನ್ನೊಂದು ಬದಿಯಲ್ಲಿ ಇಳಿಬಿಟ್ಟೆ. ಇಪ್ಪತ್ತಾರು ತೋರಿಸಿತು. ನಾನು ಅಂದುಕೊಂಡದ್ದೇ ಸರಿ, ತಣ್ಣಗಿದೆ, ಈಗ ಮ್ಯಾಟ್ ಸರಿಮಾಡಿಕೊಳ್ಳುತ್ತದೆ ಅಂತ ಹಗುರಾದೆ. ಆ ಬದಿ ಮೂವತ್ತೆರಡು ಮುಟ್ಟುವುದೇ ಇಲ್ಲ. ಮ್ಯಾಟ್ ಆರಲೇ ಇಲ್ಲ.

ಮೂರು ದಿನ ಹಾವು ಅಲ್ಲೇ ಮಲಗಿತ್ತು. ಹಾಯಾಗಿದೆ ಅಂತ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ನಿಮಿಷದೊಳಗೆ ಫೋನ್ ಬಂತು.

"ಅಪ್ಪಾ, ವೈರ್ ಯಾಕೆ ಆ ಕಡೆ ಇದೆ? ಎತ್ತು. ಈಗ್ಲೇ ಎತ್ತು ಅವಳನ್ನ."

ಎತ್ತಿದೆ. ಹೊಟ್ಟೆಯ ಬೆಳ್ಳನೆ ಚಿಪ್ಪುಗಳು ಸೀದ ದೋಸೆಯ ತಳದ ಬಣ್ಣಕ್ಕೆ ತಿರುಗಿದ್ದವು.

ಕೆಳಗಿನಿಂದ ಸುಡುವುದು ಹಾವಿಗೆ ಬೇಗ ತಿಳಿಯುವುದಿಲ್ಲವಂತೆ, ಬೇಯುತ್ತಿದ್ದರೂ ಮಲಗಿರುತ್ತದಂತೆ. ಪಶುವೈದ್ಯೆ ಮುಲಾಮು ಹಚ್ಚಿ, "ನೋಡೋಣ" ಅಂದರು. ಈ ದೇಶದವರು ಹಾಗಂದದ್ದು ಒಳ್ಳೆಯದಕ್ಕೆ ತಿರುಗಿದ್ದನ್ನು ನಾನಂತೂ ಕಂಡಿಲ್ಲ.

ಮಗಳು ಪರೀಕ್ಷೆಯ ಮಧ್ಯೆ ರೈಲು ಹತ್ತಿ ಬಂದಳು. ಸೆನ್ಸರನ್ನು ಮ್ಯಾಟಿನ ಮೇಲಿಟ್ಟು ಟೇಪಿನಿಂದ ಬಿಗಿಯಾಗಿ ಅಂಟಿಸತೊಡಗಿದಳು. ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ ಅದೂ ಸಿಗಲಿಲ್ಲ.

"ಏನಾದ್ರೂ ಬೈಯಮ್ಮಾ," ಅಂದೆ.

"ಬೈದ್ರೆ ನಿಂಗೆ ಸಮಾಧಾನ ಆಗತ್ತೆ ಅಪ್ಪಾ," ಅಂದು ಇನ್ನೊಂದು ತುಂಡು ಟೇಪ್ ಹರಿದಳು.

ಈಗ ಐದು ವಾರವಾಯಿತು. ಹಾವು ಏನೂ ತಿಂದಿಲ್ಲ. ಗಾಯ ಒಳಗೆ ಇಳಿದಿದೆ. ಇನ್ನು ನೋಯಿಸದೆ, ಇಂಜೆಕ್ಷನ್ ಕೊಟ್ಟು ಕೊನೆಯ ನಿದ್ದೆ ಮಾಡಿಸುವ ವಿಷಯ ಯೋಚಿಸಿ ಅಂತ ವೈದ್ಯೆ ಮಗಳಿಗೇ ಹೇಳಿದ್ದಾರೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಎರಡೂ ಬದಿಯ ಅಂಕಿ ಅವಳಿಗೆ ಕಳಿಸುತ್ತೇನೆ. ಒಂದು ದಿನವೂ ತಪ್ಪಿಲ್ಲ, ಅರ್ಧ ಡಿಗ್ರಿ ಆಚೀಚೆಯಾಗಿಲ್ಲ. "ಓಕೆ" ಅಂತ ಬರುತ್ತದೆ. ಹೇಗಿದಾಳೆ ಅಂತ ಮಗಳು ಕೇಳುವುದಿಲ್ಲ. ನಿನ್ನೆಯಿಂದ ಹಾವು ನೀರಿನ ಬಟ್ಟಲಿನ ಹತ್ತಿರಕ್ಕೂ ಹೋಗಿಲ್ಲ ಅಂತ ನಾನು ಹೇಳಿಲ್ಲ.