ಚಿಕ್ಕಪ್ಪನ ಜಾಕೆಟ್ಟಿನ ಒಳಮೈ

ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಗಳಲ್ಲಿ ಸಾಲಾಗಿ ನೇತಾಡುವ ಆ ಹಸಿರು ಜಾಕೆಟ್ಟುಗಳನ್ನು ಕಂಡರೆ ನನಗೆ ಹೇಸಿಗೆ. ಎದೆಯ ಮೇಲೆ ಪ್ಲಾಸ್ಟಿಕ್ ರೆಕ್ಕೆ, ತೋಳಿನ ಮೇಲೆ ಯಾವ ದೇಶದ ಯಾವ ಪಡೆಯದೋ ಗೊತ್ತಿಲ್ಲದ ಬಿಲ್ಲೆ. ಏಪ್ರಿಲ್ ಬಿಸಿಲಿನಲ್ಲೂ ಕುತ್ತಿಗೆವರೆಗೆ ಜಿಪ್ ಎಳೆದುಕೊಂಡು, ಬೆವರು ನಾರುತ್ತಾ ಹುಡುಗರು ಬೈಕಿನಲ್ಲಿ ಹೋಗುತ್ತಿರುತ್ತಾರೆ. ಹಳೇಬೀಡಿನ ಕೆರೆ ಏರಿಯ ಮೇಲೆ ಮದುವೆಗೆ ಮುಂಚಿನ ಫೋಟೋಕ್ಕೆ ನಿಂತಿದ್ದ ಒಬ್ಬನನ್ನು ತಡೆಯಲಾರದೆ ಕೇಳಿಯೇಬಿಟ್ಟೆ.

"ಇದರೊಳಗೆ ಕಿತ್ತಳೆ ಬಣ್ಣ ಯಾಕಪ್ಪಾ?"

"ಡಿಸೈನ್ ಅಂಕಲ್."

ಡಿಸೈನಂತೆ!

ನನ್ನ ಚಿಕ್ಕಪ್ಪ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ನಿವೃತ್ತರಾಗಿ ಊರಿಗೆ ಹೊರಟಾಗ ಪೈಲಟ್ ಒಬ್ಬರು ತಮ್ಮ ಹಳೆಯ ಜಾಕೆಟ್ಟನ್ನೇ ಅವರಿಗೆ ತೊಡಿಸಿ ಕಳಿಸಿದ್ದರು. ವಿಮಾನ ಬಿದ್ದು ಕಾಡಿನಲ್ಲೋ ಹಿಮದಲ್ಲೋ ಸಿಕ್ಕಿಕೊಂಡವನು ಜಾಕೆಟ್ಟನ್ನು ತಿರುವಿ ಹಾಕಿಕೊಳ್ಳಬೇಕು. ಹುಡುಕಿ ಬಂದವರ ಕಣ್ಣಿಗೆ ಆ ಕಿತ್ತಳೆ ಬಣ್ಣ ಬೀಳಬೇಕು. ಹೊರಮೈ ಅವಿತುಕೊಳ್ಳುವುದಕ್ಕೆ, ಒಳಮೈ ಸಿಕ್ಕುವುದಕ್ಕೆ. ಇದನ್ನು ಚಿಕ್ಕಪ್ಪ ಎಷ್ಟು ಸಲ ಹೇಳಿದರೂ ನಮಗೆ ಸಾಲುತ್ತಿರಲಿಲ್ಲ.

ಬಾಣಾವರ ರಸ್ತೆಯ ತಮ್ಮ ತೆಂಗಿನ ತೋಟಕ್ಕೆ ಅವರು ಅದನ್ನು ತಿರುವಿಯೇ ಹಾಕಿಕೊಂಡು ಹೋಗುತ್ತಿದ್ದರು. ಚಿಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುವರು. ಮರಗಳ ನಡುವೆ ಕಿತ್ತಳೆ ಚುಕ್ಕೆ ಮನೆ ಕಡೆ ತಿರುಗಿತೆಂದರೆ ಎಸರಿಗೆ ರಾಗಿಹಿಟ್ಟು ಸುರಿಯುವರು. ಚಿಕ್ಕಪ್ಪ ಕೈಕಾಲು ತೊಳೆದು ಕೂರುವ ಹೊತ್ತಿಗೆ ಮುದ್ದೆ ಹಬೆಯಾಡುತ್ತಿರಬೇಕು. "ವಿಮಾನ ಇಳೀತು ಕಣೋ, ತಟ್ಟೆ ಹಾಕು," ಎಂದು ಚಿಕ್ಕಮ್ಮ ನನ್ನನ್ನು ಕೂಗುವರು.

ಚಿಕ್ಕಪ್ಪ ಹೋದ ಮೇಲೆ ಅವರ ಬಟ್ಟೆಯನ್ನೆಲ್ಲ ಹಂಚಿದ ಚಿಕ್ಕಮ್ಮ ಜಾಕೆಟ್ಟನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಬೆಳಗಿನ ಚಳಿಗೆ ಸೀರೆಯ ಮೇಲೆ ಅದನ್ನು ತಿರುವಿ ಹಾಕಿಕೊಂಡು ಹಾಲು ಕರೆಯಲು ಕೂರುವರು. ಬಿಸಿಲು ಬಂದರೂ ಬಿಚ್ಚುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಚಿಕ್ಕಮ್ಮನ ಮೊಮ್ಮಗನ ಮದುವೆ ಗೊತ್ತಾಯಿತು. ಫೋಟೋಕ್ಕೆ ಅವನಿಗೆ ಅಂಗಡಿಯ ಜಾಕೆಟ್ಟು ಸಾಲಲಿಲ್ಲ, ಒರಿಜಿನಲ್ಲೇ ಬೇಕಾಯಿತು.

"ಬೇಲೂರಲ್ಲಿ ಫೋಟೋ ತೆಗೆಸ್ಕೊಂಡು ತಂದ್ಕೊಡ್ತೀನಿ ಕಣಜ್ಜಿ."

"ಹೆಂಗ್ ತಗಂಡ್ ಹೋಗ್ತೀಯೋ ಹಂಗೇ ತರ್ಬೇಕು. ನಂಗೆ ಇನ್ನೊಂದಿಲ್ಲ ಕಣೋ."

ಜಾಕೆಟ್ಟು ವಾಪಸ್ಸು ಬಂದ ದಿನ ನಾನು ಅಲ್ಲೇ ಇದ್ದೆ. ಮೊಮ್ಮಗ ಅದರ ಸೊಂಟ ಹಿಡಿಸಿ ಹೊಲಿಸಿದ್ದ, ತೋಳು ಬಿಗಿ ಮಾಡಿಸಿದ್ದ. ಹಳೆಯದರ ಹಾಗೆ ಕಾಣಲಿ ಎಂದು ಮೊಣಕೈಗೆ ಉಪ್ಪುಕಾಗದ ತಿಕ್ಕಿಸಿದ್ದ. ನಿಜವಾಗಿಯೂ ಹಳೆಯದಾದ ಜಾಕೆಟ್ಟಿಗೆ! ಎದೆಯ ಮೇಲೆ ಅದೇ ಪ್ಲಾಸ್ಟಿಕ್ ರೆಕ್ಕೆ. ಚಿಕ್ಕಮ್ಮ ಅದ್ಯಾವುದನ್ನೂ ನೋಡಲಿಲ್ಲ. ಎಂದಿನಂತೆ ತೋಳಿನೊಳಗೆ ಕೈ ಹಾಕಿ ತಿರುವಿದರು. ಒಳಗೆ ಮಿರಮಿರ ಹೊಳೆಯುವ ಕಪ್ಪು ಸ್ಯಾಟಿನ್.

"ಒಳಗಿಂದು ಎಲ್ಲೋ?"

"ಅದು ಮಾಸೋಗಿತ್ತು ಅಜ್ಜಿ, ಸಗಣಿ ವಾಸ್ನೆ ಬೇರೆ. ಟೈಲರ್ ಹತ್ರ ಚೇಂಜ್ ಮಾಡಿಸ್ದೆ. ಈಗ ಸಕತ್ತಾಗಿಲ್ವಾ?"

ನಾನು ಅವನನ್ನು ಬೈಕ್ ಹತ್ತಿಸಿಕೊಂಡು ನೇರ ಟೈಲರ್ ಅಂಗಡಿಗೆ ಹೋದೆ.

"ಅಯ್ಯೋ ಅದಾ ಸಾರ್? ಅದ್ರಲ್ಲೇ ಮಿಷನ್ ಒರೆಸ್ತಾ ಇದೀನಲ್ಲ," ಎಂದು ಟೈಲರ್ ಕಾಲ ಬಳಿಯಿಂದ ಮುದ್ದೆಯಾದ ಕಿತ್ತಳೆ ಬಟ್ಟೆಯನ್ನು ಎಳೆದು ಕೊಟ್ಟ. ಮಿಷನ್ ಎಣ್ಣೆ, ಚಹಾದ ಕಲೆ, ಯಾರೋ ಎಲೆಅಡಿಕೆ ಹಾಕಿ ಬಾಯಿ ಒರೆಸಿದ ಕೆಂಪು. ವಾಪಸ್ಸು ಬರುವ ದಾರಿಯುದ್ದಕ್ಕೂ ಮೊಮ್ಮಗ "ಯಾಕ್ ದೊಡ್ಡಪ್ಪ ಇಷ್ಟು ಸೀರಿಯಸ್ಸು?" ಅನ್ನುತ್ತಲೇ ಇದ್ದ. ನಾನು ಬೈಕಿನ ವೇಗ ಹೆಚ್ಚಿಸಿದೆ.

ಚಿಕ್ಕಮ್ಮ ಅದನ್ನು ಸೋಡಾ ಹಾಕಿ ಕುದಿಸಿ, ಒಗೆದು, ಮತ್ತೆ ಕುದಿಸಿದರು. ಎಣ್ಣೆ ಕಲೆ ಹೋಗಲಿಲ್ಲ, ಬಣ್ಣ ಉಳಿಯಿತು. ಜಾಕೆಟ್ಟನ್ನು ಮೊಮ್ಮಗನ ತೊಡೆ ಮೇಲೆ ಎಸೆದರು.

"ತಗಳೋ. ಚೀಲ ನಿಂಗಿರ್ಲಿ, ಒಳಗಿಂದು ನಂಗಿರ್ಲಿ."

ಮದುವೆಯ ದಿನ ಛತ್ರದ ಬಾಗಿಲಲ್ಲಿ ಅವನ ಆಳೆತ್ತರದ ಫೋಟೋ ನಿಲ್ಲಿಸಿದ್ದರು. ಕಪ್ಪು ಕನ್ನಡಕ, ಪ್ಲಾಸ್ಟಿಕ್ ರೆಕ್ಕೆ, ಉಬ್ಬಿಸಿದ ಎದೆ. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಮದುವೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನೂ ನಾನೂ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆವು. ಚಿಕ್ಕಮ್ಮ ಆ ಕಿತ್ತಳೆ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ತೋಟದಲ್ಲಿ ಗರಿ ಆಯುತ್ತಿದ್ದರು. ಚುಕ್ಕೆ ಮನೆ ಕಡೆ ತಿರುಗಿತು. ಒಳಗೆ ಅವರ ಸೊಸೆ ಎಸರಿಗೆ ಹಿಟ್ಟು ಸುರಿದ ಸದ್ದಾಯಿತು.

"ಅಜ್ಜಿ ಎಲ್ಲಿದಾರೆ ಅಂತ ಇಲ್ಲಿಗೇ ಕಾಣ್ಸುತ್ತಲ್ಲ ದೊಡ್ಡಪ್ಪ!"

"ಡಿಸೈನ್ ಕಣಪ್ಪಾ," ಅಂದೆ.