ಮೂರನೆಯ ತಾಸು

ಜೂನ್ ಮೊದಲ ವಾರ ಯರಗಟ್ಟಿಯ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಕಾಲಿಡುವಂತಿರಲಿಲ್ಲ. ನೆಲದ ತುಂಬ ಸೀಮೆಸುಣ್ಣದ ಚೌಕಗಳು, ಚೌಕಗಳಲ್ಲಿ ಕಾಳುಗಳು, ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಹಿಂದಿ ಮಾಸ್ತರ ರಘೋತ್ತಮ. ಶಾಲೆಯ ಟೈಮ್ ಟೇಬಲ್ಲು ಪ್ರತಿ ವರ್ಷ ಅಲ್ಲೇ ಹುಟ್ಟುತ್ತಿತ್ತು. ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಕಾಳು. ಹೆಡ್ ಮಾಸ್ತರ ಬಸಲಿಂಗಪ್ಪನವರು ಕಡಲೆ, ಆಟದ ಮಾಸ್ತರ ಸತ್ಯಪ್ಪ ಗೋವಿನಜೋಳ, ರಘೋತ್ತಮರು ಸ್ವತಃ ಹೆಸರುಕಾಳು. ೧೯೯೮ರಲ್ಲಿ ಗಣಿತ ಕಲಿಸಲು ಚಚಡಿಯಿಂದ ಹೊಸದಾಗಿ ಬಂದ ಶೀತಲಳ ಪಾಲಿಗೆ ಹುಣಸೆ ಬೀಜ ಬಂತು. ಗಣಿತ ಅಂದರೆ ಹುಡುಗರ ಮುಖ ಹೇಗೂ ಹುಳಿಯಾಗುತ್ತಿತ್ತು, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ.

ಶೀತಲ ತಕರಾರು ತೆಗೆದದ್ದು ಬೇರೆ ವಿಷಯಕ್ಕೆ. ಹಿಂದಿನ ವರ್ಷ ಹತ್ತನೆಯ ತರಗತಿಯ ಅರ್ಧ ಮಂದಿ ಗಣಿತದಲ್ಲೇ ಮುಗ್ಗರಿಸಿದ್ದರು. ಈ ಸಲವೂ ಹಾಗೇ ಆದರೆ ಮುಂದಿನ ವರ್ಷ ನೀವು ಬರುವುದು ಬೇಡ ಎಂದು ಆಡಳಿತ ಮಂಡಳಿಯವರು ಮೊದಲೇ ಹೇಳಿಬಿಟ್ಟಿದ್ದರು. ನೌಕರಿ ಉಳಿಯಬೇಕಾದರೆ ಹತ್ತನೆಯವರಿಗೆ ದಿನಕ್ಕೆ ನಾಲ್ಕು ತಾಸು, ಅಂದರೆ ನಾಲ್ಕು ಪೀರಿಯಡ್ಡಾದರೂ ಬೇಕೇ ಬೇಕು ಎಂದು ಅವಳು ರಘೋತ್ತಮರ ಮುಂದೆ ಬಂದು ನಿಂತಳು.

"ಒಂದ ಕ್ಲಾಸಿಗೆ ಒಬ್ರು ದಿನಕ್ಕ ಎರಡ ತಾಸು ಟೀಚರ್. ಮೂರನೇದು ಕೇಳಬ್ಯಾಡ್ರಿ," ಅಂದರು ಅವರು, ತಲೆ ಎತ್ತದೆ.

"ಯಾಕ್ರಿ ಸರ್?"

"ಮುಂಜಾನೆ ಬೈಸಿಕೊಂಡ ಹುಡುಗಗ ಮುಂದ ಬ್ಯಾರೆ ಮುಖಾ ಕಾಣಬೇಕು. ದಿನಾಪೂರ್ತಿ ಬೈದವರ ಮುಖಾನಽ ಎದುರಿಗಿದ್ರ, ತಾ ದಡ್ಡ ಅಂತ ಅವನಽ ನಂಬಿಬಿಡ್ತಾನ."

ಅವಳು ನೆಟ್ಟಗೆ ಹೆಡ್ ಮಾಸ್ತರರ ಹತ್ತಿರ ಹೋದಳು. ಬಸಲಿಂಗಪ್ಪನವರು ಕೈ ಚೆಲ್ಲಿದರು. "ಅಲ್ಲಿ ನಂದೇನೂ ನಡಿಯಂಗಿಲ್ಲ ತಂಗಿ. ಅವರ ಮುಂದ ನಾನೂ ಒಂದ ಕಡಲಿಕಾಳ."

ಶೀತಲ ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಸತ್ಯಪ್ಪನನ್ನು ಪುಸಲಾಯಿಸಿ ಹತ್ತನೆಯವರ ಆಟದ ತಾಸನ್ನು ಗುಳುಂ ಮಾಡಿದಳು. ಗಣಿತದವರು ಆಟದ ತಾಸು ನುಂಗುವುದು ಯಾವ ಶಾಲೆಯಲ್ಲಿಲ್ಲ ಹೇಳಿ! ಸತ್ಯಪ್ಪನೂ ಖುಷಿಯಿಂದ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಕೂತ.

ಶ್ರಾವಣದ ಒಂದು ದಿನ ಬೆಳಗಿನ ಮೊದಲ ತಾಸಿಗೆ ಕೆಂಚವ್ವ ಎಂಬ ಹುಡುಗಿ ಬೋರ್ಡಿನ ಮುಂದೆ ನಿಂತು ಬೆಬ್ಬೆಬ್ಬೆ ಅಂದಳು. "ತಲ್ಯಾಗ ಏನ ತುಂಬಕೊಂಡಿ?" ಎಂದು ಶೀತಲ ರೇಗಿದಳು. ಮಧ್ಯಾಹ್ನ ಎರಡನೆಯ ಸಲ ಹೋದಾಗಲೂ ಅದೇ ಹುಡುಗಿ, ಅದೇ ಬೈಗುಳ. ಆಟದ ತಾಸಿಗೆ ಮೂರನೆಯ ಸಲ ಒಳಗೆ ಬಂದಳು. ಇನ್ನೂ ಪುಸ್ತಕ ತೆರೆದಿರಲಿಲ್ಲ, ಯಾರನ್ನೂ ಏನೂ ಕೇಳಿರಲಿಲ್ಲ. ಕೆಂಚವ್ವ ತಾನಾಗಿಯೇ ಎದ್ದು ನಿಂತು ಅಂಗೈ ಚಾಚಿದಳು.

ಶೀತಲ ಆವರೆಗೆ ಯಾರ ಮೇಲೂ ಕೈ ಮಾಡಿದವಳಲ್ಲ. ಚಾಚಿದ ಆ ಅಂಗೈ ನೋಡಿ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಹೋಗ್ರಿ, ಎಲ್ಲಾರೂ ಆಡ್ರಿ ಹೋಗ್ರಿ," ಅಂದಳು. ಸತ್ಯಪ್ಪ ಚಹಾದ ಕಪ್ಪು ಬಿಟ್ಟು ಸೀಟಿ ಹುಡುಕುತ್ತ ಓಡಿದ.

ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ಖೋ ಖೋ. ಕೆಂಚವ್ವ ಯಾರ ಕೈಗೂ ಸಿಗುತ್ತಿಲ್ಲ. ಧೂಳೆಬ್ಬಿಸಿ ತಿರುಗುತ್ತಾಳೆ, ನಗುತ್ತಾಳೆ, ಎದುರಿನವರನ್ನು ಕೂಗಿ ಕೆಣಕುತ್ತಾಳೆ. ಬೋರ್ಡಿನ ಮುಂದೆ ನಿಂತಿದ್ದ ಹುಡುಗಿ ಇವಳೇನಾ ಎಂದು ಶೀತಲ ಬೆರಗಾಗಿ ನಿಂತುಬಿಟ್ಟಳು.

ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಗೋಡೆಗೆ ಅಂಟಿಸಿದ್ದ ಟೈಮ್ ಟೇಬಲ್ಲನ್ನು ಮೊದಲ ಸಲ ಮನಸ್ಸಿಟ್ಟು ಓದಿದಳು. ಗಣಿತ ಮುಗಿದ ಬೆನ್ನಿಗೆ ಒಂದು ದಿನ ಹಾಡು, ಒಂದು ದಿನ ಚಿತ್ರಕಲೆ, ಒಂದು ದಿನ ಆಟ. ಅವಳನ್ನೂ ರಘೋತ್ತಮರು ಮರೆತಿರಲಿಲ್ಲ. ಹತ್ತನೆಯವರ ಜೊತೆ ಗುದ್ದಾಡಿ ಬಂದ ಮೇಲೆ ಪ್ರತಿ ದಿನ ಅವಳಿಗೆ ಸಿಗುತ್ತಿದ್ದವರು ಎಂಟನೆಯ ತರಗತಿಯವರು, ಅವಳನ್ನು ನಗಿಸಿ ಕಳಿಸುವ ಮಕ್ಕಳು. ನೆಲದ ಮೇಲೆ ಕೂತು ಕಾಳು ಸರಿಸುತ್ತ ಈ ಮನುಷ್ಯ ಇಷ್ಟೊಂದು ಜೀವಗಳ ಇಡೀ ದಿನವನ್ನು ಕಣ್ಣ ಮುಂದೆ ತಂದುಕೊಂಡಿದ್ದರಲ್ಲ! ಕಾಲು ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು. ಅವರು ಮೂಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು.

ಮತ್ತೆಂದೂ ಅವಳು ಆಟದ ತಾಸು ಮುಟ್ಟಲಿಲ್ಲ. ಆ ವರ್ಷದ ಫಲಿತಾಂಶ ಊರು ಬೆರಗಾಗುವಂಥದ್ದೇನೂ ಆಗಿರಲಿಲ್ಲ, ಆದರೆ ಏರಿತು. ಕೆಂಚವ್ವ ಪಾಸಾದಳು, ಶೀತಲಳ ನೌಕರಿಯೂ ಉಳಿಯಿತು.

೨೦೦೬ರಲ್ಲಿ ರಘೋತ್ತಮರು ನಿವೃತ್ತರಾದರು. ಕೊನೆಯ ದಿನ ಹತ್ತನೆಯ ತರಗತಿಗೆ ಎರಡು ತಾಸು ಕಲಿಸಿ ಮುಗಿಸಿದ್ದರು. ಕಡೆಯ ತಾಸು ಶೀತಲಳದು. ಮಕ್ಕಳೆಲ್ಲ ಬಾಗಿಲಿಗೆ ಬಂದು "ಹಿಂದಿ ಸರ್ ಬರ್ಲಿ, ಹಿಂದಿ ಸರ್ ಬರ್ಲಿ" ಎಂದು ಗದ್ದಲ ಹಾಕಿದರು.

"ನನ್ನ ತಾಸ ತಗೋರಿ ಸರ್," ಅಂದಳು ಶೀತಲ.

ಅವರು ಹೊಸ್ತಿಲವರೆಗೆ ಬಂದು ನಿಂತರು. ಹೋಗುವ ಆಸೆ ಮುಖದಲ್ಲೇ ಕಾಣುತ್ತಿತ್ತು. "ಎರಡ ಆಗ್ಯಾವಲ್ರೀ."

"ಇವತ್ತೊಂದ ದಿನಾರೀ ಸರ್. ನಾಳಿಗೆ ನೀವು ಇರೂದಿಲ್ಲ."

ರಘೋತ್ತಮರು ಒಳಗೆ ಹಿಂದಿನ ಬೆಂಚಿನ ಕಡೆ ನೋಡಿದರು. ಎಲ್ಲರೂ ಬಾಗಿಲಲ್ಲಿದ್ದರೂ ಒಬ್ಬ ಹುಡುಗ ಮಾತ್ರ ಅಲ್ಲೇ ತಲೆ ತಗ್ಗಿಸಿ ಕೂತಿದ್ದ.

"ಮುಂಜಾನೆ ಆ ಭರಮಪ್ಪಗ ಭಾಳ ಬೈದೇನಿ," ಅಂದರು, ದನಿ ತಗ್ಗಿಸಿ. "ಅವಗ ಇವತ್ತಿಗೆ ನಾ ಸಾಕು. ನೀವ ಹೋಗ್ರಿ."

ಕಣ್ಣೊರೆಸಿಕೊಳ್ಳುತ್ತ ಅವರು ತಿರುಗಿ ನಡೆದರು. ಶೀತಲ ನಗು ತಂದುಕೊಂಡು ಒಳಗೆ ಹೋದಳು. ಹಿಂದಿನ ಬೆಂಚಿನ ಹುಡುಗ ಯಾರು ಬಂದರೆಂದು ನಿಧಾನಕ್ಕೆ ತಲೆ ಎತ್ತಿದ.