ಓಟದ ಗೆರೆಯಲ್ಲಿ ಚಿತ್ರಕಾರ

ಸೌದಿಯ ಜುಬೈಲಿನಲ್ಲಿ, ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಕ್ರೀಡಾಕೂಟ. ನನ್ನ ರೂಮಿನ ಫೆಲಿಕ್ಸನಿಗೆ ಮೊಣಕಾಲು ನೋವು, ಆದರೂ ಊರಲ್ಲಿರುವ ಮಗಳಿಗೆ ಒಂದು ಪದಕ ತೋರಿಸುವ ಆಸೆ. ಅವನಿಗೆ ಬರುವುದು ಚಿತ್ರ ಬಿಡಿಸಲು ಮಾತ್ರ.

ನಾನು ಈಜಿಪ್ಟಿನ ಸೂಪರ್‌ವೈಸರಿಗೆ ಹೇಳಿದೆ: "ಸರ್, ಹಿಂದೆ ಒಲಿಂಪಿಕ್ಸಿನಲ್ಲಿ ಚಿತ್ರಕ್ಕೂ ಪದಕ ಇತ್ತು. ಫ್ರಾನ್ಸಿನ ಚಿತ್ರಕಾರನೊಬ್ಬ ಸ್ಪರ್ಧಿಸಿದ್ದ." ಇದು ನಿಜ, ನನ್ನ ಬಾಯಿಂದ ಬಂದದ್ದಕ್ಕೆ ಯಾರೂ ನಂಬುವುದಿಲ್ಲ, ಅಷ್ಟೆ.

"ಬೇಗ ಮುಗಿಸಿದವನಿಗೋ ಪದಕ?"

ನನಗೇನು ಗೊತ್ತು! "ಹೌದು ಸರ್" ಅಂದೆ.

ಅವರು "ಯಲ್ಲಾ, ನಡಿ ನಡಿ" ಎಂದು ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಫೆಲಿಕ್ಸನನ್ನು ಓಟದ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದಿದರು.

"ಎಂತ ಮಾರಾಯ, ಓಡುವುದೋ, ಬಿಡಿಸುವುದೋ?" ಎಂದು ಫೆಲಿಕ್ಸ್ ನನ್ನನ್ನು ಕೇಳಿದ.

"ಸರ್ ಮುಖ ಬಿಡಿಸು!" ಎಂದೆ.

ಬಿಡಿಸಿದ. ಇದ್ದದ್ದು ಒಬ್ಬನೇ ಸ್ಪರ್ಧಿ, ಸಿಕ್ಕಿದ್ದು ಎರಡನೇ ಸ್ಥಾನದ ಪದಕ. ಚಿತ್ರದಲ್ಲಿ ಸರ್ ಮೂಗು ದೊಡ್ಡದಾಯಿತಂತೆ.

ಮಗಳು ಫೋನಿನಲ್ಲಿ ಕೇಳಿದಳು: "ಪಪ್ಪಾ, ಫಸ್ಟ್ ಯಾರು?"

ಫೆಲಿಕ್ಸ್ ನನ್ನ ಮುಖ ನೋಡಿದ, ನಾನು ಸೂಪರ್‌ವೈಸರ್ ಮುಖ ನೋಡಿದೆ. ಅವರು ಇನ್ನೂ ತಮ್ಮ ಮೂಗನ್ನೇ ಮುಟ್ಟಿ ನೋಡುತ್ತಿದ್ದರು.